ದೊಡ್ಡದು ಮಾಡಿದ ದೀಪ

ಹೊತ್ತೇರಿದರೂ ಠಾಣೆಯ ಬಾಗಿಲ ಮೇಲಿನ ಬಲ್ಬು ಉರಿಯುತ್ತಲೇ ಇದೆ, ಹಗಲಲ್ಲಿ ಅದೆಂಥ ಬಡಕಲು ಹಳದಿ, ರೇಖಾ ಮೆಟ್ಟಿಲ ಬುಡದಲ್ಲಿ ಚಪ್ಪಲಿಯ ಮಣ್ಣು ಕೊಡವುತ್ತಾಳೆ — ನಿನ್ನೆ ಮುಸ್ಸಂಜೆ ಊರಿಗೆ ಊರೇ ಕತ್ತಲಾದಾಗ ಹಸನ್ ಸಾಬರ ಗ್ಯಾರೇಜಿನ ಮೇಲಿನ ಫೋಕಸ್ ಲೈಟು ಮಾತ್ರ ಧಗ್ಗನೆ ಹೊತ್ತಿತ್ತು, ಗಡಿಯಲ್ಲಿ ಯುದ್ಧ, ಇಲ್ಲಿ ದೀಪ ಆರಿಸಿ ಊರು ಕತ್ತಲಾಗಿಸುವ ತಾಲೀಮು, ಕಾಲೇಜಿನ ಪರವಾಗಿ ಆ ಓಣಿಯ ಉಸ್ತುವಾರಿ ಅವಳದು, ಪಕ್ಕದಲ್ಲೇ ಆಟೋದ ಮೈಕಿನಲ್ಲಿ ಕೊಟ್ರಸ್ವಾಮಿ, ಎಲ್ಲಾರೂ ದೀಪ ದೊಡ್ಡದು ಮಾಡ್ರಿ, ಲಗೂನ ದೊಡ್ಡದು ಮಾಡ್ರೆಪ್ಪಾ — ಆರಿಸಿ ಎಂದು ಬರೆದುಕೊಟ್ಟಿದ್ದರೂ ದೀಪ ಹಚ್ಚುವ ಹೊತ್ತಲ್ಲಿ ಆ ಅಪಶಕುನದ ಮಾತು ಅವನ ಬಾಯಿಗೆ ಬರಲೊಲ್ಲದು, ರೇಖಾಳ ಅವ್ವ ದುರುಗಮ್ಮನೂ ಹಾಗೆಯೇ, ಆರಿಸು ಅನಬಾರದವಾ, ದೊಡ್ಡದು ಮಾಡು ಅನ್ನು — ಆದರೆ ಆಂಧ್ರದ ಆದವಾನಿಯಿಂದ ಮೊನ್ನೆ ಮೊನ್ನೆ ಹಸನ್ ಸಾಬರ ಮನೆಗೆ ಸೊಸೆಯಾಗಿ ಬಂದ ಕಹಕಶಾಗೆ ಇದನ್ನು ಯಾರು ಹೇಳಿಕೊಟ್ಟಿದ್ದರು, ಈಗಷ್ಟೇ ಕನ್ನಡ ಕಲಿಯುತ್ತಿರುವ ಹುಡುಗಿಗೆ ದೊಡ್ಡದು ಎಂದರೆ ದೊಡ್ಡದು, ಮದರಂಗಿ ಮಾಸದ ಬೆರಳು ಗೋಡೆ ತಡವಿ ಮನೆಯ ಅತಿ ದೊಡ್ಡ ದೀಪದ ಸ್ವಿಚ್ಚು ಒತ್ತಿತು, ಜನ ಕೂಡಿದರು, ಸನ್ನೆ ಮಾಡ್ಯಾರ ನೋಡ್ರಿ, ಯಾರಿಗಲೇ, ವೈರಿ ವಿಮಾನಕ್ಕ, ಕಹಕಶಾಳ ಗಂಡ ಅಕೀಲನನ್ನು ಪೊಲೀಸರು ಜೀಪು ಹತ್ತಿಸಿದರು, ಯಾಕೆಂದು ರೇಖಾ ಕೇಳಿದ್ದಕ್ಕೆ, ಯುದ್ಧದ ಟೈಮ್ ಮೇಡಂ, ಸರ್ಕಾರಕ್ಕ ಪವರ್ ಐತಿ — ಇದೆ, ಇರಬೇಕು, ಅವಳೂ ಅದನ್ನು ಒಪ್ಪಿಯೇ ಉಸ್ತುವಾರಿ ಹೊತ್ತವಳು, ಆದರೆ ಭೌತಶಾಸ್ತ್ರದ ತರಗತಿಯಲ್ಲಿ ವರ್ಷ ವರ್ಷವೂ ಹೇಳುವುದೇನು, ಬಲಕ್ಕೆ ಪ್ರಮಾಣದ ಜೊತೆ ದಿಕ್ಕೂ ಇರುತ್ತದೆ, ದಿಕ್ಕು ಬಿಟ್ಟು ಬರೆದರೆ ಉತ್ತರ ತಪ್ಪು, ಗಡಿಯ ಕಡೆಗೆ ಕೊಟ್ಟ ಬಲ ಗ್ಯಾರೇಜಿನ ಓಣಿಗೆ ತಿರುಗಿದ್ದು ಹೇಗೆ, ಕತ್ತಲೆ ಮಾಡಿದ್ದು ವೈರಿಗೆ ಕಾಣಬಾರದೆಂದು, ಅದರಲ್ಲಿ ಓಣಿಯವರಿಗೆ ಓಣಿಯವರೇ ಕಾಣದಂತಾದರೆ — ನೀ ಯಾಕ ನಡುವ ಹೋಗ್ತಿ ಅಕ್ಕಾ, ನೌಕರಿ ನೋಡ್ಕ, ಅಂದಿದ್ದ ತಮ್ಮ ಕ್ರಾಂತಿ, ನೋಡ್ಕಂತೀನಿ ಬಿಡೋ, ಕೇಳಿದ್ದನ್ನ ಕೇಳೀನಿ ಅನ್ನಾಕ ನೌಕರಿ ಅಡ್ಡ ಬರ್ತೈತೇನು — ಮೆಟ್ಟಿಲು ಹತ್ತಿದಳು, ಬೆಂಚಿನ ತುದಿಯಲ್ಲಿ ಅಕೀಲ ತಲೆ ತಗ್ಗಿಸಿ ಕೂತಿದ್ದಾನೆ, ಹೇಳಿದಳು, ಮೈಕಿನಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು, ಠಾಣೆಯ ಸಾಹೇಬರು ನಕ್ಕರು, ಆರಿಸ್ರಿ ಅಂತ ಬರದು ಕೊಟ್ಟೀವಿ ಮೇಡಂ, ಈ ಕಾಲದಾಗ ದೊಡ್ಡದು ಮಾಡ್ರಿ ಅಂತ ಯಾರರ ಅಂತಾರೇನ್ರಿ, ನೆಪ ಅದು, ಎನ್ನುತ್ತ ಬಾಗಿಲ ಕಡೆ ನೋಡಿ, ಲೇ ಮೈಲಾರೇಶ, ಹಗಲಾತು, ಆ ದೀಪ ದೊಡ್ಡದು ಮಾಡಲೇ — ಪೇದೆ ಕೈ ಚಾಚಿದ, ಬಲ್ಬು ಆರಿತು, ಯಾರಿಗೂ ಏನೂ ಅನ್ನಿಸಲಿಲ್ಲ, ಅಕೀಲ ಮಾತ್ರ ತಲೆಯೆತ್ತಿದ — ಸರ್, ಈಗ ನೀವು ಏನಂದ್ರಿ, ಅದನ್ನ ಬರಕಳ್ರಿ, ನಾ ಸಹಿ ಮಾಡ್ತೀನಿ, ಅಂದಳು ರೇಖಾ, ಅವಳ ಕಣ್ಣು ಬಾಗಿಲ ಪಕ್ಕದ ಸ್ವಿಚ್ಚಿಗೆ ನೆಟ್ಟಿದೆ, ಅಲ್ಲಿ ಅವಳಿಗೆ ಕಾಣುವುದು ಪೇದೆಯ ಕೈ ಅಲ್ಲ, ಕತ್ತಲಲ್ಲಿ ಗೋಡೆ ತಡವುವ ಬೆರಳು, ಮದರಂಗಿಯ ಬೆರಳು, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ ಬೆರಳು