ಕಿಟಕಿ ತಗಿ

ಬಾಳೆಹೂವಿನ ಎಸಳು ಬಿಡಿಸಿ, ಒಳಗಿನ ಹೂಗಳ ಗಟ್ಟಿ ನಾರು ಕಿತ್ತು ಅವನ್ನು ಮಜ್ಜಿಗೆ ನೀರಿಗೆ ಹಾಕುತ್ತಿದ್ದ ಸುಲೋಚನಾಬಾಯಿಯವರ ಕೈ ಅರ್ಧಕ್ಕೇ ನಿಂತಿತು. ಬೆರಳಿಗೆಲ್ಲ ಕಪ್ಪು ಅಂಟು. ಅದಕ್ಕೇ ಮೊಮ್ಮಗಳು ಪ್ರಕೃತಿಯ ಕೈಗೆ ಮೊಬೈಲು ಕೊಟ್ಟು, ಕೋಲ್ಕತ್ತಾ ಕನ್ನಡಿಗರ ಆನ್‌ಲೈನ್ ಚರ್ಚಾಕಟ್ಟೆಯಲ್ಲಿ ಬಂದದ್ದನ್ನು ಓದಿಸುತ್ತಿದ್ದರು.

"ಇನ್ನೊಮ್ಮೆ ಓದು."

"ಅದೇ ಗೌರಿ, ಅಜ್ಜಿ. ಕಸ್ಬಾದವರು." ಪ್ರಕೃತಿ ಅಕ್ಷರ ಕೂಡಿಸಿಕೊಂಡು ಓದಿದಳು. "'ಇವತ್ತು ಭೋಗಿ. ಪಾಪುಗೆ ಎಣ್ಣೆ ಹಚ್ಚಿ ನೆನೆಯಕ್ಕೆ ಬಿಟ್ಟಿದೀನಿ. ಚಳಿ ಅಂತ ಬಚ್ಚಲ ಕಿಟಕಿ ಸಂದಿಗೆಲ್ಲ ಟೇಪ್ ಹಾಕಿಸಿದ್ವಿ. ಋಷಿಕೇಶ್ ಸರ್ ಹೇಳಿದ ಹಾಗೆ ನಿಂಬೆ ಪಾನಕ ಕುಡಿದೇ ಒಳಗೆ ಹೋಗ್ತೀನಿ.'"

ಸುಲೋಚನಾಬಾಯಿ ಕೈಯಲ್ಲಿದ್ದ ಎಸಳು ಕೆಳಗಿಟ್ಟರು.

ಗ್ಯಾಸ್ ಗೀಸರ್ ಹಾಕಿಸಿದಾಗಿನಿಂದ ಸ್ನಾನಕ್ಕೆ ಹೋದರೆ ತಲೆ ಸುತ್ತುತ್ತದೆ, ಹೊರಗೆ ಬಂದರೆ ಸರಿಹೋಗುತ್ತದೆ, ಯಾಕೆ ಎಂದು ಗೌರಿ ಸೋಮವಾರವೇ ಕಟ್ಟೆಯಲ್ಲಿ ಕೇಳಿದ್ದಳು. ಸರ್ಕಾರಿ ಪ್ರಯೋಗಾಲಯದಲ್ಲಿ ಗಣಿಗಳ ವಿಷಗಾಳಿ ಪರೀಕ್ಷಿಸುತ್ತಲೇ ನಿವೃತ್ತರಾದ ಸುಲೋಚನಾಬಾಯಿಗೆ ಇದು ಗೀಸರಿನ ವಿಷಗಾಳಿಯೆಂದು ತಿಳಿಯಲು ಅಷ್ಟು ಸಾಕಾಗಿತ್ತು. ಆದರೆ ಬರೆಯಲು ಭಯ. ಹಿಂದೊಮ್ಮೆ ಯಾರೋ ಆ್ಯಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿಸಬಹುದೇ ಎಂದಾಗ, "ಕೂಡಸಬ್ಯಾಡ್ರಿ, ಸಾಯ್ತೀರಿ" ಎಂದು ಬರೆದಿದ್ದರು. ಧಾರವಾಡದಲ್ಲಾದರೆ ಅದು ಕಾಳಜಿ. ಕಟ್ಟೆಯ ಮೈಸೂರಿನವರಿಗೆ ಅದು ಬೈಗುಳವಾಗಿ ಕಂಡಿತು. ಸಮಾಜಶಾಸ್ತ್ರ ಕಲಿಸುವ ಋಷಿಕೇಶ್, "ಹಿರಿಯರಾದ ತಾವು ಹೀಗೆ ಗದರಿಸಬಹುದೇ?" ಎಂದು ಕೈಮುಗಿದ ಚಿತ್ರ ಹಾಕಿದರು. ಅದಕ್ಕೆ ಎಲ್ಲರೂ ಮೆಚ್ಚುಗೆ ಒತ್ತಿದರು.

ಹಾಗಾಗಿ ಈ ಸಲ, "ತಪ್ಪಿದ್ದರೆ ಕ್ಷಮಿಸಿ, ಗೀಸರ್ ಒಮ್ಮೆ ತೋರಿಸಿದರೆ ಒಳ್ಳೆಯದೇನೋ" ಎಂದು ಬರೆದರು. ಯಾರೂ ತಿರುಗಿ ನೋಡಲಿಲ್ಲ. ಅದರ ಕೆಳಗೇ ಋಷಿಕೇಶ್, "ಗಾಬರಿ ಬೇಡ ತಂಗಿ, ಬಿಪಿ ಇಳಿದಿರುತ್ತದೆ ಅಷ್ಟೇ" ಎಂದು ಶುರುಮಾಡಿ, ನಿಂಬೆ ಪಾನಕದ ಅಳತೆಯನ್ನೂ ಕೊಟ್ಟರು. ಅವರ ಬರಹ ಎಷ್ಟು ತಣ್ಣಗಿತ್ತೆಂದರೆ, ಸುಲೋಚನಾಬಾಯಿಗೇ ಅರೆಗಳಿಗೆ ನಿಜವೆನಿಸಿತ್ತು.

ಆಮೇಲೆ ಗೌರಿಯೊಬ್ಬಳಿಗೇ ಎಂದು ಕಟ್ಟೆಯಲ್ಲೇ ಕಾಗದ ಬರೆದಿದ್ದರು. ಕಳಿಸಲು ಬೆರಳು ಎತ್ತಿದಾಗಲೆಲ್ಲ ಆ ಮುಗಿದ ಕೈಗಳು ಕಣ್ಣಮುಂದೆ ಬರುತ್ತಿದ್ದವು.

"ಅಕಿ ಫೋನ್ ನಂಬರ್ ಐತೇನು?"

"ಇಲ್ಲಿ ಯಾರದೂ ಇರಲ್ಲ ಅಜ್ಜಿ. ಅರೆ, ಈ ಲೆಟರ್ ಡ್ರಾಫ್ಟಲ್ಲೇ ಇದೆ. ನೀ ಸೆಂಡ್ ಮಾಡೇ ಇಲ್ಲ?"

"ಬೈದ್ಹಂಗ ಕಾಣ್ತದೇನ?"

ಪ್ರಕೃತಿ ತುಟಿಯಾಡಿಸುತ್ತ ಓದಿದಳು. "ಮೊದಲು ಬರೀ ಸಾರಿ, ಸಾರಿ. ಕೊನೇ ಲೈನ್ಸ್ ಮಾತ್ರ ತುಂಬಾ ಸ್ಕೇರಿ. ನಂಗೇ ಭಯ ಆಯ್ತು."

"ಹಂಗಾದ್ರ ಅಕಿಗೂ ಆಗಲಿ. ಕೊಡು ಇಲ್ಲೆ."

ಕೈ ಸೆರಗಿಗೆ ಒರೆಸಿಕೊಂಡರು. ಅಂಟು ಹೋಗಲಿಲ್ಲ. ಎಣ್ಣೆ ಎಷ್ಟು ಹೊತ್ತು ನೆನೆದೀತು? ಆ ಕೂಸನ್ನು ಈಗಾಗಲೇ ಒಳಗೆ ಒಯ್ದಿದ್ದರೆ? ಮೊದಲಿನ ಕ್ಷಮಾಪಣೆಯನ್ನೆಲ್ಲ ಅಳಿಸಿದರು. ಉಳಿದದ್ದು ಇಷ್ಟು:

"ಗೌರಿ, ಕೂಸಿನ್ನ ಬಚ್ಚಲಕ್ಕ ಒಯ್ಯಬ್ಯಾಡ. ಗೀಸರ್ ಬಂದ್ ಮಾಡು. ಟೇಪ್ ಕಿತ್ತು ಕಿಟಕಿ ತಗಿ. ಆ ವಿಷಗಾಳಿಗೆ ವಾಸನಿ ಇರೂದಿಲ್ಲ. ನಿದ್ದಿ ಬಂದ್ಹಂಗ ಆಗಿ ಜೀವಾನ ಹೋಗ್ತದ. ಒಲಿ ಮ್ಯಾಲೆ ನೀರು ಕಾಯಿಸಿ ಎರಿ."

ಪರದೆಯ ಮೇಲೆ ಬಾಳೆಹೂವಿನ ಕಪ್ಪು ಗುರುತು ಮೂಡುವಂತೆ ಒತ್ತಿದರು. ಕಾಗದ ಹೋಯಿತು.