ಒಲೆಗೆ ಬಿದ್ದ ಪಾದ

ಒಂದು ಊರು. ಊರಿಗೊಂದು ಇಳಿಜಾರು ಬೀದಿ, ಬೀದಿಯ ತುದಿಗೊಂದು ಜೋಡಿನ ಅಂಗಡಿ. ಆ ಅಂಗಡಿಯ ಗೋಡೆಯ ತುಂಬ ಕಾಲುಗಳು ನೇತಾಡುತ್ತಿದ್ದವು. ಹೆದರಬೇಡಿ, ಮರದ ಕಾಲುಗಳು. ಯಾರು ಜೋಡು ಮಾಡಿಸಿಕೊಂಡರೂ ಅಂಗಡಿಯ ತಾತ ಮೊದಲು ಅವರ ಪಾದದ ಅಳತೆಗೆ ಮರದ ಅಚ್ಚು ಕೆತ್ತುತ್ತಿದ್ದ, ಆಮೇಲೆ ಅದರ ಮೇಲೆ ತೊಗಲು ಎಳೆದು ಹೊಲಿಯುತ್ತಿದ್ದ. ಹಿಮ್ಮಡಿಯ ಮೇಲೆ ಗಿರಾಕಿಯ ಗುರುತೊಂದನ್ನು ಕೊರೆದು ಮೊಳೆಗೆ ತೂಗುಹಾಕುತ್ತಿದ್ದ. ಗಿರಾಕಿ ಸತ್ತರೆ ಅಚ್ಚು ಒಲೆಗೆ. "ಸುಡದೆ ಇಟ್ರೆ ಸತ್ತವರು ಜೋಡು ಕೇಳ್ಕೊಂಡು ಬರ್ತಾರೆ" ಎನ್ನುತ್ತಿದ್ದ. ತಾತನ ಕಣ್ಣು ಮಂಜಾದ ಮೇಲೆ ಉಳಿ, ಸೂಜಿ, ಒಲೆ ಎಲ್ಲವೂ ಮೊಮ್ಮಗಳ ಪಾಲಿಗೆ ಬಂದವು.

ರೊಟ್ಟಿ ಅಂಗಡಿಯವನು ತೀರಿಕೊಂಡ ವಾರವೇ ಅಂಗಡಿಗೆ ಸುಣ್ಣ ಬಳಿಸಿದ್ದರು. ಅಚ್ಚುಗಳನ್ನು ಇಳಿಸಿ ಮತ್ತೆ ತೂಗುಹಾಕಿದವನು ಸುಣ್ಣ ಬಳಿಯುವವನು; ಅವನಿಗೆ ಎಲ್ಲ ಕಾಲೂ ಒಂದೇ. ಮೊಮ್ಮಗಳು ರೊಟ್ಟಿಯವನ ಮೊಳೆಯಿಂದ ಅಚ್ಚಿನ ಜೋಡಿಯನ್ನು ತೆಗೆದು, ಗುರುತು ನೋಡದೆ ಒಲೆಗಿಟ್ಟಳು. ಎಡಗಾಲಿನ ಕಿರುಬೆರಳಿನ ಹತ್ತಿರ ಒಂದು ಉಬ್ಬಿತ್ತು. ಉಳಿದದ್ದೆಲ್ಲ ಬೂದಿಯಾದ ಮೇಲೂ ಆ ಉಬ್ಬು ಮಾತ್ರ ಕೆಂಡವಾಗಿ ಬಹಳ ಹೊತ್ತು ಕಣ್ಣು ಬಿಟ್ಟುಕೊಂಡಿತ್ತು.

ಮರುದಿನ ನೋಡಿದರೆ ರೊಟ್ಟಿಯವನ ಅಚ್ಚು ಬಾಗಿಲ ಪಕ್ಕದ ಮೊಳೆಯಲ್ಲಿ ಹಾಯಾಗಿ ತೂಗುತ್ತಿದೆ. ಅವಳು ಗಿರಾಕಿಗಳ ಪಟ್ಟಿ ಹಿಡಿದು ಒಂದೊಂದನ್ನೂ ತಾಳೆ ನೋಡಿದಳು. ಕಾಣದ್ದು ಒಂದೇ, ಅಂಚೆಯಕ್ಕನದು. ಬೀದಿಬೀದಿ ತಿರುಗಿ ಕಾಗದ ಹಂಚುವವಳ ಕಾಲು!

ಮುಚ್ಚಿಡಬಹುದಿತ್ತು. ಆದರೆ ಅದೇ ಹೊತ್ತಿಗೆ ಅಂಚೆಯಕ್ಕ ಚೀಲ ಹೊತ್ತು ಒಳಗೆ ಬಂದಳು.

"ಅಕ್ಕಾ, ಒಂದು ತಪ್ಪಾಯ್ತು. ನಿಮ್ಮ ಅಚ್ಚನ್ನ ಸುಟ್ಬಿಟ್ಟೆ."

ಅಂಚೆಯಕ್ಕ ಹೊಟ್ಟೆ ಹಿಡಿದು ನಕ್ಕಳು. "ಚೆನ್ನಾಯ್ತು ಬಿಡು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ರೊಟ್ಟಿಯವನು ಸತ್ರೆ ನನ್ನ ಕಾಲಿಗೆ ಬೆಂಕಿ."

ಮೂಲೆಯಲ್ಲಿ ಕುಳಿತಿದ್ದ ತಾತ ನಗಲಿಲ್ಲ. "ಯಾವತ್ತು ಸುಟ್ಟೆ?" ಎಂದ.

"ನಿನ್ನೆ, ತಾತ."

ಅಂಚೆಯಕ್ಕ ತಾತನ ಮುಖ ನೋಡಿದಳು. ನಗು ಅಲ್ಲಿಗೇ ನಿಂತಿತು. "ನಿನ್ನೆ ಮೆಟ್ಟಿಲು ಹತ್ತುವಾಗ ಕಾಲು ಜುಂ ಅಂತು. ಚಳಿಗೆ ಅಂದ್ಕೊಂಡೆ" ಎಂದಳು.

ಆಡಿದ ಮಾತು, ಒಡೆದ ಮುತ್ತು. ಎರಡು ವಾರಕ್ಕೆ ಚೀಲ ಹೊರುವುದು ನಿಂತಿತು, ತಿಂಗಳಿಗೆ ಅಂಚೆಯಕ್ಕ ಮಂಚ ಹಿಡಿದಳು. ಡಾಕ್ಟರು ಅಂಗಾಲಿಗೆ ಸೂಜಿ ಚುಚ್ಚಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಹೊರಗೆ ಬಂದು ಮೊಮ್ಮಗಳಿಗೆ ಹೇಳಿದರು: "ನರ ಸರಿಯಿದೆ, ರಕ್ತ ಸರಿಯಿದೆ. ಆದ್ರೂ ಕಾಲು ಬಡವಾಗ್ತಿದೆ. ಅವರ ಮನಸ್ಸೇ ಕೈಬಿಟ್ಟ ಕಾಲನ್ನ ನಾನು ಹೇಗಮ್ಮ ಹಿಡ್ಕೊಳ್ಳಲಿ? ಇನ್ನೊಂದು ತಿಂಗಳು ಹೀಗೇ ಮಲಗಿದ್ರೆ ಮತ್ತೆ ನಡೆಯೋದು ಕಷ್ಟ."

ಒಳಗೆ ಎರಡು ಕಂಬಳಿಯ ಕೆಳಗೂ ಆ ಪಾದಗಳು ಬಾವಿಕಟ್ಟೆಯ ಕಲ್ಲಿನಂತಿದ್ದವು.

"ಸುಟ್ಟಿದ್ದು ಬಿಸಿಯಾಗಿರ್ಬೇಕಲ್ವೇನೇ ಅಂತ ಮೊದಲು ನಾನೂ ಅಂದ್ಕೊಂಡೆ" ಎಂದಳು ಅಂಚೆಯಕ್ಕ. "ಆಮೇಲೆ ತಿಳೀತು. ಬೂದಿ ಆರಿದ ಮೇಲೆ ತಣ್ಣಗೇ ತಾನೆ."

"ಹೊಸ ಅಚ್ಚು ಕೆತ್ತಿ, ಜೋಡು ಹೊಲಿದು, ನನ್ನ ಕೈಯಾರೆ ತೊಡಿಸ್ತೀನಿ ಅಕ್ಕಾ. ಅಲ್ಲೀವರೆಗೂ ಕಾಲನ್ನ ಬಿಟ್ಟುಕೊಡ್ಬೇಡಿ."

"ಬೇಗ ಬಾ. ಇವು ಕಾಯೋ ಹಾಗೆ ಕಾಣಲ್ಲ."

ಅಂಗಡಿಗೆ ಬಂದವಳೇ ಒಣಗಿದ ಮರ ತರಲು ಏಣಿ ಹಾಕಿ ಅಟ್ಟ ಹತ್ತಿದಳು. ಹಲಗೆಗಳ ಹಿಂದೆ ಒಂದು ಗೋಣಿಚೀಲ, ಸುಣ್ಣ ಬಳಿಯುವವನು ಮರೆತುಹೋದದ್ದು. ಬಿಚ್ಚಿದರೆ ಒಂದು ಜೊತೆ ಅಚ್ಚು. ಹಿಮ್ಮಡಿ ತಿರುಗಿಸಿ ನೋಡಿದಳು. ತಾತ ಕೊರೆದ ಲಕೋಟೆಯ ಗುರುತು. ಅಂಚೆಯಕ್ಕನ ಕಾಲು ಒಂದು ಗೀರೂ ಇಲ್ಲದೆ ಕುಳಿತಿತ್ತು.

ಅದನ್ನು ಎದೆಗವುಚಿಕೊಂಡು ಏಣಿ ಇಳಿಯುತ್ತಿದ್ದವಳು ನಡುವೆಯೇ ನಿಂತಳು. ಹಾಗಾದರೆ ಸುಟ್ಟದ್ದು ಯಾರದು?

ಗಿರಾಕಿಗಳ ಪಟ್ಟಿಯಲ್ಲಿ ಇಲ್ಲದ ಒಂದು ಜೊತೆ ಆ ಗೋಡೆಯ ಮೇಲಿತ್ತು. ಅವಳು ಕೆಲಸಕ್ಕೆ ಕೂತ ವರ್ಷ ತಾತ ಅವಳಿಗೆಂದೇ ಕೆತ್ತಿದ್ದು. ಊರಿಗೆಲ್ಲ ಜೋಡು ಹೊಲಿಯುವ ಗಡಿಬಿಡಿಯಲ್ಲಿ ಅದನ್ನು ಮುಟ್ಟಿಯೇ ಇರಲಿಲ್ಲ. ಕಿಟಕಿಯ ಮೇಲಿನ ಆ ಮೊಳೆಯಲ್ಲಿ ಈಗ ದರ್ಜಿಯ ಅಚ್ಚು ತೂಗುತ್ತಿತ್ತು. ಅವಳು ಕೆಳಗಿಳಿದು ಎಡಗಾಲಿನ ಹರಕು ಚಪ್ಪಲಿ ಕಳಚಿದಳು. ಕಿರುಬೆರಳು ಹುಟ್ಟಿನಿಂದಲೂ ಸೊಟ್ಟ, ಹೊರಕ್ಕೆ ಉಬ್ಬಿದ್ದು.

ತಿಂಗಳ ಮೇಲಾಗಿತ್ತು. ಈ ಕಾಲಲ್ಲೇ ನೀರು ಹೊತ್ತಿದ್ದಳು, ಇಳಿಜಾರಲ್ಲಿ ಓಡಿದ್ದಳು, ಈಗಷ್ಟೇ ಅಟ್ಟ ಹತ್ತಿದ್ದಳು. ತಾನು ಬೂದಿಯಾದದ್ದು ಆ ಕಾಲಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಯಿತು. ಕಿರುಬೆರಳು ಜುಂ ಎಂದಿತು.

ಅವಳು ತಂದುಕೊಟ್ಟ ಅಚ್ಚನ್ನು ಅಂಚೆಯಕ್ಕ ಕಳೆದುಹೋದ ಕೂಸಿನ ಹಾಗೆ ಸವರಿದಳು. ಆಮೇಲೆ ತಲೆ ಎತ್ತಿದಳು. "ಮತ್ತೆ ಒಲೆಗೆ ಬಿದ್ದದ್ದು ಯಾರ್ದು?"

"ರೊಟ್ಟಿಯವನದೇ ಅಕ್ಕಾ. ನನ್ನ ಕಣ್ಣೇ ಮೋಸ ಮಾಡ್ತು."

ಅಂಚೆಯಕ್ಕ ತನ್ನ ಪಾದವನ್ನು ಅದರ ಪಕ್ಕಕ್ಕಿಟ್ಟಳು. ಪಾದವೇ ಮರಕ್ಕಿಂತ ಸೊರಗಿತ್ತು. "ನೋಡೇ, ನನಗಿಂತ ಇದೇ ಮೈಕೈ ತುಂಬ್ಕೊಂಡಿದೆ" ಎಂದು ಎಷ್ಟೋ ದಿನದ ಮೇಲೆ ನಕ್ಕಳು. "ಇದರ ಅಳತೆಗೇ ಹೊಲಿ. ತುಂಬ್ಕೊಳ್ಳೋದು ನನ್ನ ಕಾಲಿನ ಕೆಲಸ."

ಮೊಮ್ಮಗಳು ಒಂಬತ್ತು ದಿನ ಹೊಲಿದಳು. ಮೂರನೆಯ ದಿನ ಸೂಜಿಯನ್ನು ತನ್ನ ಕಿರುಬೆರಳಿಗೆ ಚುಚ್ಚಿ ನೋಡಿದಳು. ರಕ್ತದ ಹನಿ ಬಂತು, ನೋವು ಬರಲಿಲ್ಲ. ಆರನೆಯ ದಿನಕ್ಕೆ ಪಕ್ಕದ ಬೆರಳೂ ತಣ್ಣಗಾಯಿತು. ಇದು ಬರೀ ಮನಸ್ಸು ಎಂದು ತನಗೆ ತಾನೇ ಹೇಳಿಕೊಂಡಳು. ಅಂಚೆಯಕ್ಕನಿಗೂ ಬರೀ ಮನಸ್ಸೇ ಆಗಿತ್ತಲ್ಲ. ತಾತನಿಗೆ ಹೇಳಲಿಲ್ಲ. ಹೇಳಿದರೆ ತಾತ ನಗುವುದಿಲ್ಲ. ಆ ನಗದ ಮುಖವನ್ನು ಅವಳು ಒಮ್ಮೆ ನೋಡಿದ್ದಳು.

"ಯಾಕೆ ಪುಟ್ಟಿ, ಕಾಲೆಳೀತಿದ್ದೀಯ?" ಎಂದ ತಾತ, ಸದ್ದು ಕೇಳಿ.

"ಚಪ್ಪಲಿ ಸವೆದಿದೆ ತಾತ."

ಹತ್ತನೆಯ ಬೆಳಿಗ್ಗೆ ಅಂಚೆಯಕ್ಕನ ಮಂಚದ ಮುಂದೆ ಮೊಣಕಾಲೂರಿ ಕುಳಿತಳು. ಬಲಗಾಲಿಗೆ ತೊಡಿಸಿ ದಾರ ಬಿಗಿದಳು, ಎಡಗಾಲಿಗೆ ತೊಡಿಸಿ ದಾರ ಬಿಗಿದಳು. ಅಂಚೆಯಕ್ಕ ಮಂಚದ ಅಂಚು ಹಿಡಿದು ಎದ್ದಳು, ತೂಗಾಡಿದಳು, ಕೈ ಬಿಟ್ಟಳು. ಜೋಡಿನ ಹೊಸ ಅಟ್ಟೆ ನೆಲದ ಮೇಲೆ ಟಕ್ಕೆಂದಿತು. ಮತ್ತೊಂದು. ಮತ್ತೊಂದು. ಸದ್ದು ಬಾಗಿಲು ದಾಟಿ ಜಗಲಿಗೆ ಹೋಯಿತು.

"ಬಾರೇ ಇಲ್ಲಿ" ಎಂದು ಹೊರಗಿನಿಂದ ಕರೆದಳು. "ಬೀದಿ ಇನ್ನೂ ಇಲ್ಲೇ ಬಿದ್ದಿದೆ ಕಣೇ."

"ಬಂದೆ ಅಕ್ಕಾ" ಎಂದಳು ಮೊಮ್ಮಗಳು; ತನ್ನ ಎಡಗಾಲು ಎಲ್ಲಿದೆಯೆಂದು ಕೈಯಿಂದ ನೆಲ ತಡವುತ್ತ ಕುಳಿತೇ ಇದ್ದಳು.