ಜಗ್ಗದ ಬಟ್ಟೆ

ಕಿಟಕಿಯ ಸರಳಿನ ಸಂದಿಯಿಂದ ಬಂದ ಬಿಸಿಲಕೋಲು ಸೀಮೆಸುಣ್ಣದ ಧೂಳಿನಲ್ಲಿ ಎಷ್ಟು ನೆಟ್ಟಗೆ ನಿಂತಿದೆ, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ, ಅದನ್ನೇ ನೋಡುತ್ತಿದ್ದರೆ ನಲವತ್ತು ಮಕ್ಕಳ ಎಂಬತ್ತು ಕಣ್ಣು ಕಾಣಿಸುವುದಿಲ್ಲ, ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತ ಹೆಡ್‌ಮಿಸ್ಸೂ ಕಾಣಿಸುವುದಿಲ್ಲ ಎಂದುಕೊಂಡಳು ಅವಳು — ಕಾಣಿಸುತ್ತಾರೆ, ಚೆನ್ನಾಗಿಯೇ ಕಾಣಿಸುತ್ತಾರೆ — ವಿಜ್ಞಾನದ ಟೀಚರ್ ಕೆಲಸಕ್ಕೆ ಇದು ಮೂರನೆಯ ಶಾಲೆ, ಮೂರನೆಯ ಪರೀಕ್ಷಾಪಾಠ, ಮೊದಲೆರಡರಲ್ಲಿ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು, ನಿಮಗೆ ತಿಳಿಸುತ್ತೇವೆ ಅಂದರು, ತಿಳಿಸಲಿಲ್ಲ, ಡೈರಿಯಲ್ಲಿ ಮಾತ್ರ ಈ ಪಾಠ ನಾಲ್ಕು ಪುಟ ಗಳಗಳ ಹರಿದಿದೆ, ಸೂರ್ಯನಂಥ ಭಾರದ ವಸ್ತುವಿನ ಪಕ್ಕ ಹಾದುಹೋಗುವ ನಕ್ಷತ್ರದ ಬೆಳಕು ಬಾಗುತ್ತದೆ, ಮಕ್ಕಳೇ, ಅಲ್ಲಿ ಎಷ್ಟು ಚೆಂದ ಮಕ್ಕಳೇ ಅಂದಿದ್ದಳು, ಇಲ್ಲಿ ಬಾಯಿಂದ ಬಂದದ್ದು ಮ ಒಂದೇ. ಇರಲಿ, ಗಂಟು ಕಟ್ಟಿ ತಂದ ಬಟ್ಟೆ ಇದೆಯಲ್ಲ, ಬಟ್ಟೆ ಮಾತಾಡುತ್ತದೆ. ನಾಲ್ವರು ಮಕ್ಕಳು ಗಂಟು ಬಿಚ್ಚಿ ನಾಲ್ಕು ಮೂಲೆ ಬಿಗಿಯಾಗಿ ಹಿಡಿದರು, ಅವಳು ನಡುವೆ ಕಬ್ಬಿಣದ ಗುಂಡು ಇಟ್ಟಳು, ಇದು ಸೂರ್ಯ, ಈಗ ಬಟ್ಟೆ ಕುಳಿ ಬೀಳುತ್ತದೆ, ನೀಲಿ ಗೋಲಿ ಉರುಳಿಸಿದರೆ ಅದು ಬೆಳಕು, ಕುಳಿಯ ಪಕ್ಕ ಬಾಗಿ ಹೋಗುತ್ತದೆ — ಗೋಲಿ ನೆಟ್ಟಗೆ ಹೋಯಿತು, ಅಂಚು ದಾಟಿತು, ಟೊಕ್, ಟೊಕ್, ಬೆಂಚಿನಡಿ. ಕುಳಿಯೇ ಇಲ್ಲ. ಬಟ್ಟೆಯ ಅಂಚು ಮಗುಚಿ ನೋಡಿದಳು, ಒಳಗೆ ಇನ್ನೊಂದು ಪದರ, ಸುತ್ತ ಎರಡು ಸಾಲು ಹೊಲಿಗೆ, ನಡುವೆಯೂ ಓರೆ ಓರೆ ಹೊಲಿಗೆ, ಅಯ್ಯೋ ಚಿಕ್ಕಮ್ಮ.

ಇಪ್ಪತ್ತೆಂಟು ವರ್ಷ ಮೆಷಿನ್ ತುಳಿದ ಚಿಕ್ಕಮ್ಮ, ಅವಳನ್ನು ಸಾಕಿದ ಚಿಕ್ಕಮ್ಮ, ಎಳೆದರೆ ಹಿಗ್ಗೋ ಬಟ್ಟೆಗೆ ಬರೀ ಅಂಚು ಹೊಲಿದುಕೊಡು ಅಂತ ಇವಳು ಅಂದಿದ್ದಳು ಅಷ್ಟೆ, ಬೆಳಿಗ್ಗೆ ಗಂಟು ಕೈಗಿಡುವಾಗ ಚಿಕ್ಕಮ್ಮ ಏನಂದಳು, ಹೋಗೇ ಮೌನಗೌರಿ, ಎರಡು ಪದರ ಹಾಕಿದೀನಿ, ಆನೆ ಕೂತ್ರೂ ಜಗ್ಗಲ್ಲ, ನಾಲ್ಕು ಜನರ ಮುಂದೆ ನನ್ನ ಹೊಲಿಗೆ ಜೋಲು ಬೀಳೋದುಂಟಾ — ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ, ತಲೆ ತುಂಬ ಮಕ್ಕಳೇ ಮಕ್ಕಳೇ — ಈಗ ಹೋಯಿತು, ಹೋದದ್ದೇ ಹೊಟ್ಟೆಯಿಂದ ಏನೋ ಉಕ್ಕಿ ಬಂತು, ಅಳು ಅಂದುಕೊಂಡಳು, ನಗು, ಸೊಂಟ ಬಾಗಿಸಿ ನಕ್ಕಳು, ನಗುವಿನ ಹಿಂದೆಯೇ ಧ್ವನಿಯೂ ಹೊರಬಿತ್ತು, ಬಾಗಿಲು ತೆರೆದಿದ್ದಾಗ ನುಸುಳುವ ಬೆಕ್ಕಿನ ಹಾಗೆ, ನಮ್ಮ ಚಿಕ್ಕಮ್ಮನ ಕೈಗೆ ಸಿಕ್ಕಿದ್ರೆ ಸೂರ್ಯಂಗೂ ಕೂರೋಕೆ ಜಾಗ ಇಲ್ಲ ಕಣ್ರೋ, ಅಂದೇಬಿಟ್ಟಳು, ತರಗತಿ ಗೊಳ್ಳೆಂದಿತು, ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು, ಮಿಸ್, ಭಾರ ಸಾಲ್ದು, ಇನ್ನೂ ದೊಡ್ಡದಿಡಿ. ಪುಸ್ತಕದ ಚೀಲ ಇಟ್ಟರು, ಜಾರಿತು, ಆಗ ಹೆಡ್‌ಮಿಸ್ ಎದ್ದು ಹೊರಗೆ ಹೋದರು, ಹೋದರಲ್ಲ, ಮುಗಿಯಿತಲ್ಲ, ನಿಮಗೆ ತಿಳಿಸುತ್ತೇವೆ — ವಾಪಸು ಬಂದರು, ಎರಡೂ ಕೈಯಲ್ಲಿ ಶಾಲೆಯ ಹಿತ್ತಾಳೆ ಗಂಟೆ ಹೊತ್ತುಕೊಂಡು, ಬಟ್ಟೆಯ ನಡುವೆ ಇಟ್ಟರು.

ಜಗ್ಗಿತು, ಚಿಕ್ಕಮ್ಮ, ನಿನ್ನ ಬಟ್ಟೆ ಜಗ್ಗಿತು, ಕ್ಷಮಿಸು. ಗೋಲಿ ಬಿಟ್ಟಳು, ಅದು ನೆಟ್ಟಗೆ ಹೊರಟು, ಗಂಟೆಯ ಹತ್ತಿರ ಬಂದು, ಬಾಗಿತು, ಆಚೆ ಮೂಲೆಯ ಮಗುವಿನ ಅಂಗೈಗೆ ಸೇರಿತು, ನಲವತ್ತು ಬಾಯಿ ಒಟ್ಟಿಗೆ ಓ ಎಂದವು, ಎರಡು ಜಡೆಯವಳು ಮತ್ತೆ ಎದ್ದಳು, ಗೋಲಿಗೆ ಭಾರ ಇದೆ, ಬೆಳಕಿಗೆಲ್ಲಿದೆ ಮಿಸ್, ಅದ್ಯಾಕೆ ಬಾಗ್ಬೇಕು? ಡೈರಿಯ ನಾಲ್ಕು ಪುಟದಲ್ಲಿ ಇದಕ್ಕೆ ಉತ್ತರವಿಲ್ಲ, ಆದರೆ ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಇದೆ, ಪಟ್ಟೆ ಪಟ್ಟೆ ಬಟ್ಟೆ, ಮೇಜಿನ ಮೇಲೆ ಕಡ್ಡಿಯಂತೆ ನೇರ, ಒಮ್ಮೆ ಚಿಕ್ಕಮ್ಮ ಎತ್ತಿ ಅವಳ ಹೆಗಲಿಗೆ ಹೊದಿಸಿದಳು, ಅಷ್ಟೇ, ಪಟ್ಟೆ ಹೆಗಲ ಮೇಲೆ ಬಾಗಿ ಇಳಿಯಿತು, ಬಗ್ಗಿಸಿದವರು ಯಾರೂ ಇಲ್ಲ — ಅವಳು ತನ್ನ ದುಪಟ್ಟಾದ ಪಟ್ಟೆಯನ್ನು ಹೆಗಲ ಮೇಲೆ ಹರಡಿ ತೋರಿಸಿದಳು, ನೋಡಿ, ಗೆರೆ ತನ್ನ ಪಾಡಿಗೆ ನೆಟ್ಟಗೇ ಹೋಗ್ತಿದೆ, ಬಾಗಿರೋದು ಬಟ್ಟೆ, ಬೆಳಕೂ ಹಂಗೇನೆ, ಭಾರ ಇರೋ ಕಡೆ ಜಾಗವೇ ಬಾಗಿರುತ್ತೆ, ಅದಕ್ಕೇ ಸೂರ್ಯನ ಅಂಚಿನ ಹಿಂದೆ ಅಡಗಿದ ನಕ್ಷತ್ರದ ಬೆಳಕೂ ಸುತ್ತಿಬಂದು ಗ್ರಹಣದ ಹೊತ್ತಲ್ಲಿ ನಮಗೆ ಕಾಣಿಸುತ್ತೆ — ಹಿಂದೆ ಅಡಗಿದ್ದರೂ, ಚಿಕ್ಕಮ್ಮನ ಬೆನ್ನ ಹಿಂದೆ, ಬಾಗಿಲ ಹಿಂದೆ, ಡೈರಿಯ ಹಿಂದೆ — ಎಷ್ಟು ಹೊತ್ತಾಯಿತೋ, ಪಕ್ಕದ ತರಗತಿಯ ಮೇಷ್ಟ್ರು ಬಾಗಿಲಲ್ಲಿ ಇಣುಕಿದರು, ಪೀರಿಯಡ್ ಮುಗಿದು ಹತ್ತು ನಿಮಿಷ ಆಯ್ತು, ಗಂಟೆ ಯಾಕೆ ಹೊಡೀಲಿಲ್ಲ? ಹೆಡ್‌ಮಿಸ್ ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ, ಗಂಟೆಗೆ ಇಲ್ಲಿ ಕೆಲಸ ಇದೆ ಮೇಷ್ಟ್ರೇ, ಅಂದರು, ಆಮೇಲೆ ಅವಳ ಕಡೆ ತಿರುಗಿ, ಸೋಮವಾರ ಬರುವಾಗ ಈ ಬಟ್ಟೇನೂ ತನ್ನಿ, ಈಗ ಇನ್ನೊಂದ್ಸಲ ಬಿಡಿ ನೋಡೋಣ. ಸೋಮವಾರ, ಸೋಮವಾರ, ಚಿಕ್ಕಮ್ಮನಿಗೆ ಮೊದಲು ಏನು ಹೇಳಲಿ, ಕೆಲಸ ಸಿಕ್ಕಿತು ಅಂತಲೋ ಬಟ್ಟೆ ಜಗ್ಗಿತು ಅಂತಲೋ, ಬೆರಳು ಸಡಿಲಿಸಿದಳು, ಗೋಲಿ ಬಿಸಿಲಕೋಲನ್ನು ಹಾದು ಒಮ್ಮೆ ಹೊಳೆದು, ನೆಟ್ಟಗೆ, ನೆಟ್ಟಗೆ, ಗಂಟೆಯ ಹತ್ತಿರ — ನೀಲಿ — ಬಾಗಿತು.